ಎಪ್ಸಿಲಾನ್ ಯಾರು ಕೊಡ್ತಾರ?

ತಾರಿಹಾಳದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಬಿ.ಎಸ್ಸಿ. ಓದುತ್ತಾಳೆ. ಅವಳಪ್ಪ ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡುತ್ತಾರೆ. ಒಂದು ಭಾನುವಾರ ಅವಳು ಮೊಬೈಲು, ನೋಟ್‌ಬುಕ್ಕು ಎರಡನ್ನೂ ಹಿಡಿದುಕೊಂಡು ಬಂದಳು. ರಿಯಲ್ ಅನಾಲಿಸಿಸ್ ಮೇಲಿನ ಒಂದೇ ವಿಡಿಯೋವನ್ನು ಮೂರು ಸಲ ನೋಡಿದ್ದಳು. ಬೋರ್ಡಿನ ಮೇಲೆ ಇದ್ದದ್ದನ್ನೆಲ್ಲ ಒಂದಕ್ಷರ ಬಿಡದೆ ಇಳಿಸಿಕೊಂಡಿದ್ದಳು. ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: “ಅಕ್ಕಾರ, ‘ಗಿವನ್ ಎಪ್ಸಿಲಾನ್’ ಅಂತ ಚಾಲೂ ಮಾಡ್ತಾರಲ್ಲ, ಅದನ್ನ ಯಾರು ಕೊಡ್ತಾರ?”

ಅವಳ ಕಾಲೇಜಿನಲ್ಲಿ ಈ ಸೆಮಿಸ್ಟರ್ ಅರ್ಧ ಮುಗಿದರೂ ಗಣಿತಕ್ಕೆ ಉಪನ್ಯಾಸಕರು ಬಂದಿಲ್ಲ. ಹೋಗಿ ಕೇಳಿದರೆ, “ಯೂಟ್ಯೂಬಿನ್ಯಾಗ ಐಐಟಿ ಸರ್‌ಗೋಳೇ ಪಾಠ ಮಾಡ್ಯಾರ. ಅವ್ರಿಗಿಂತ ಚಲೋ ಯಾರು ಹೇಳ್ತಾರ? ನೋಡ್ಕೋರಿ” ಎಂಬ ಉತ್ತರ ಸಿಕ್ಕಿತಂತೆ. ನನ್ನ ಜಗಳ ಇರುವುದು ಈ ಮಾತಿನ ಜೊತೆ. ಇದನ್ನು ಹೇಳುವವರು ಒಬ್ಬರಲ್ಲ. ಸಭೆಗಳಲ್ಲಿ, ಸ್ಟಾಫ್‌ರೂಮುಗಳಲ್ಲಿ, ಓದಿಕೊಂಡವರ ಮನೆಗಳಲ್ಲಿ ಇದೇ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಮೊದಲು ಋಣದ ಮಾತು. ನಾನು ಲೀನಿಯರ್ ಆಲ್ಜೀಬ್ರಾ ಕಲಿತದ್ದು ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ವಿಡಿಯೋಗಳಿಂದ. 2001ರಲ್ಲಿ ಆ ಸಂಸ್ಥೆ ತನ್ನ ಪಾಠಗಳನ್ನೆಲ್ಲ ಜಗತ್ತಿಗೆ ಬಿಟ್ಟುಕೊಡುತ್ತೇನೆ ಎಂದಾಗ ಅದು ಸಣ್ಣ ಮಾತಾಗಿರಲಿಲ್ಲ. ನಮ್ಮ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್‌ಪಿಟೆಲ್ ಶುರು ಮಾಡಿದವು, 2017ರಲ್ಲಿ ಸ್ವಯಂ ಬಂತು. ಪಾಠ ಕೇಳಲು ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಇವು ಇಲ್ಲದಿದ್ದರೆ ನಾನು ಪಿಎಚ್.ಡಿ.ಯ ಬಾಗಿಲಿಗೂ ಬರುತ್ತಿರಲಿಲ್ಲ. ಹಾಗಾಗಿ ವಿಡಿಯೋಗಳನ್ನು ಬೈಯುವವಳು ನಾನಲ್ಲ. ಅವುಗಳ ಹಿಂದೆ ಅಡಗಿ ಕೂತವರನ್ನು ಬೈಯುತ್ತಿದ್ದೇನೆ.

ಹುಡುಗಿಯ ಪ್ರಶ್ನೆಗೆ ಬರೋಣ. “ನಿಮ್ಮಪ್ಪ ಶಾಫ್ಟ್ ಕಡೀಬೇಕಾದ್ರ ಡ್ರಾಯಿಂಗಿನ್ಯಾಗ ಟಾಲರನ್ಸ್ ಬರದಿರ್ತದಲ್ಲ, ಅದನ್ನ ಯಾರು ಕೊಡ್ತಾರ?” ಎಂದೆ. “ಪಾರ್ಟಿ ಕೊಡ್ತಾರ.” “ನಿಮ್ಮಪ್ಪ ಅದನ್ನ ಬದಲು ಮಾಡಬಹುದೇನು?” “ಇಲ್ರಿ. ಅವ್ರು ಎಷ್ಟು ಸಣ್ಣದು ಕೊಟ್ರೂ ಅದರೊಳಗ ಕೂಡಿಸ್ಬೇಕು.” ಅಷ್ಟೇ. ಎಪ್ಸಿಲಾನ್ ಕೊಡುವವನೂ ಪಾರ್ಟಿ. 1, 1/2, 1/3 ಎಂದು ಸಾಗುವ ಶ್ರೇಢಿ ಸೊನ್ನೆಯತ್ತ ಹೋಗುತ್ತದೆ ಎನ್ನುವವಳು ನೀನು. ನಂಬದವನು 1/100 ಕೊಟ್ಟರೆ ನೂರನೆಯ ಪದದ ನಂತರ ನೋಡು ಎನ್ನುತ್ತೀ. 1/1000 ಕೊಟ್ಟರೆ ಸಾವಿರದ ನಂತರ. ಅವನು ಎಷ್ಟು ಸಣ್ಣದು ಕೊಟ್ಟರೂ ನಿನ್ನ ಹತ್ತಿರ ಉತ್ತರ ಇದ್ದರೆ ಗೆದ್ದೆ. ಅವಳು ಒಂದು ನಿಮಿಷ ಸುಮ್ಮನಿದ್ದು, “ಹಂಗಾದ್ರ ಇದು ಇಬ್ರ ಆಟ ಏನ್ರಿ?” ಎಂದಳು.

ಹೌದು, ಇಬ್ಬರ ಆಟ. ಗಣಿತ ಇರುವುದೇ ಹಾಗೆ. “ಯಾಕೆ?” ಎಂದು ಎದುರು ನಿಂತು ಕೇಳುವವರು ಒಬ್ಬರು ಬೇಕು, ಅವರನ್ನು ಒಪ್ಪಿಸುವ ಹೊಣೆ ಇನ್ನೊಬ್ಬರದು. ವಿಡಿಯೋದಲ್ಲಿ ಎರಡೂ ಪಾತ್ರ ಮೇಷ್ಟ್ರದೇ. ಅವರೇ ಕೇಳುತ್ತಾರೆ, ಅವರೇ ಒಪ್ಪುತ್ತಾರೆ. ನೋಡುವವಳಿಗೆ ಎಲ್ಲ ತಿಳಿದಂತೆ ಆಗುತ್ತದೆ, ಪೆನ್ನು ಹಿಡಿದಾಗ ಕೈ ಓಡುವುದಿಲ್ಲ.

ಪ್ರಶ್ನೆ ಬರೆದು ಕಳಿಸುವ ಅನುಕೂಲ ಅಲ್ಲಿಯೂ ಇದೆಯಲ್ಲ ಎನ್ನಬಹುದು. ಇದೆ. ಆದರೆ ಬರೆದು ಕೇಳಬೇಕಾದರೆ ತನಗೆ ಗೊತ್ತಿಲ್ಲದ್ದು ಏನೆಂದು ಮೊದಲು ಗೊತ್ತಿರಬೇಕು, ಅದೂ ಇಂಗ್ಲಿಷಿನಲ್ಲಿ. “ಯಾರು ಕೊಡ್ತಾರ” ಎಂಬ ಪ್ರಶ್ನೆಯನ್ನು ಆ ಹುಡುಗಿ ಅಲ್ಲಿ ಎಂದೂ ಬರೆಯುತ್ತಿರಲಿಲ್ಲ, ನಾಚಿಕೊಳ್ಳುತ್ತಿದ್ದಳು.

ಹುಡುಕುವುದೂ ಹೇಳಿದಷ್ಟು ಸುಲಭವಲ್ಲ. ರಿಯಲ್ ಅನಾಲಿಸಿಸ್ ಎಂದು ಟೈಪ್ ಮಾಡಿದರೆ ಎಂ.ಎಸ್ಸಿ.ಯ ಮೆಷರ್ ಥಿಯರಿಯೂ ಬರುತ್ತದೆ, ಸ್ಪರ್ಧಾತ್ಮಕ ಪರೀಕ್ಷೆಯ ಶಾರ್ಟ್‌ಕಟ್ಟುಗಳೂ ಬರುತ್ತವೆ. ಯಾವುದು ಮೊದಲು, ಯಾವುದನ್ನು ಬಿಡಬೇಕು, ಎಲ್ಲಿ ನಿಲ್ಲಿಸಿ ಲೆಕ್ಕ ಮಾಡಬೇಕು ಎಂದು ತಿಳಿಯಲು ಆ ವಿಷಯ ಆಗಲೇ ಗೊತ್ತಿರಬೇಕು. ಗೊತ್ತಿಲ್ಲದವರಿಗಾಗಿಯೇ ತಾನೇ ಮೇಷ್ಟ್ರು ಇರುವುದು?

ಇನ್ನು ಭಾಷೆ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಇಂದು ಪದವಿ ಮಟ್ಟದ ಗಣಿತವನ್ನು ಕನ್ನಡದಲ್ಲಿ ವಿವರಿಸಿದರೆ ಅದೇನೋ ಉಪಕಾರ ಮಾಡಿದಂತೆ ನೋಡುತ್ತಾರೆ. ಇಂಗ್ಲಿಷ್ ಪಾಠದ ಕೆಳಗೆ ಕನ್ನಡದ ಸಾಲು ಓಡಿಸಿದರೆ ತೊಂದರೆ ತೀರುವುದಿಲ್ಲ. ‘ಟಾಲರನ್ಸ್’ ಎಂಬ ಮಾತು ಆ ಮನೆಯಲ್ಲಿ ದಿನಾ ಓಡಾಡುತ್ತದೆ ಎಂಬುದು ದೂರದ ಸ್ಟುಡಿಯೋದಲ್ಲಿ ನಿಂತವರಿಗೆ ಹೇಗೆ ಗೊತ್ತಾಗಬೇಕು?

ಸರಕಾರದ ಕಾಗದಗಳಿಗೂ ಇದು ಗೊತ್ತಿಲ್ಲದ್ದಲ್ಲ. ಸ್ವಯಂ ಕೋರ್ಸುಗಳ ಬಗ್ಗೆ ಯುಜಿಸಿ 2016ರಲ್ಲಿ ಮಾಡಿದ ನಿಯಮದಲ್ಲಿ, ವಿದ್ಯಾರ್ಥಿಗೆ ದಾರಿ ತೋರಿಸಲು ಕಾಲೇಜು ಒಬ್ಬ ಸಂಯೋಜಕರನ್ನು ಗೊತ್ತುಪಡಿಸಬೇಕು ಎಂದಿದೆ. ಆಗ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರಷ್ಟನ್ನು ಹೀಗೆ ಪಡೆಯಬಹುದಿತ್ತು, 2021ರಲ್ಲಿ ಅದು ಶೇ. 40 ಆಯಿತು. ಶೇಕಡಾವಾರು ಏರಿದ್ದು ಎಲ್ಲರ ನೆನಪಿನಲ್ಲಿದೆ, ಸಂಯೋಜಕರ ಸಾಲು ಯಾರ ನೆನಪಿನಲ್ಲೂ ಇಲ್ಲ. ಇತ್ತ ರಾಜ್ಯದ ಸರಕಾರಿ ಪದವಿ ಕಾಲೇಜುಗಳನ್ನು ಸಾವಿರಾರು ಅತಿಥಿ ಉಪನ್ಯಾಸಕರು ಹೊತ್ತುಕೊಂಡಿದ್ದಾರೆ. ಕೆಲಸದ ಭದ್ರತೆಗಾಗಿ ಅವರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ವಿಡಿಯೋ ಪುಕ್ಕಟೆ ಎಂಬ ಖುಷಿಯಲ್ಲಿ ನಾವು ಉಳಿಸಿದ ದುಡ್ಡು ಯಾರದೆಂದು ಈಗ ತಿಳಿಯಬೇಕು.

“ನೀನೇ ಭಾನುವಾರ ಹೇಳಿಕೊಡು, ಪುಣ್ಯದ ಕೆಲಸ” ಎಂದು ಓಣಿಯವರು ನನ್ನನ್ನು ಹೊಗಳುತ್ತಾರೆ. ಹೇಳಿಕೊಡುತ್ತೇನೆ. ಆದರೆ ಈ ಹೊಗಳಿಕೆಗೂ ನನಗೆ ಹೆದರಿಕೆ. ಮೊದಲು ವಿಡಿಯೋ ಪುಕ್ಕಟೆ, ಆಮೇಲೆ ಅಕ್ಕನೂ ಪುಕ್ಕಟೆ. ಖಾಲಿ ಹುದ್ದೆ ಖಾಲಿಯೇ ಉಳಿಯಲು ನನ್ನ ಪುಣ್ಯವೂ ಒಂದು ನೆಪವಾಗುತ್ತದೆ. ನನ್ನ ಓಣಿಯಲ್ಲಿ ಒಬ್ಬಳು ಗಣಿತ ಓದಿದವಳು ಇದ್ದಾಳೆ. ಅಂಥವಳಿಲ್ಲದ ಓಣಿಯ ಹುಡುಗಿ ಏನು ಮಾಡಬೇಕು?

ಕೇಳುತ್ತಿರುವುದು ದೊಡ್ಡದೇನಲ್ಲ. 2016ರಿಂದ ಧಾರವಾಡದಲ್ಲೇ ಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯವಂತೂ ನಮ್ಮ ಅಪ್ಪಂದಿರ ಕಾಲಕ್ಕೂ ಮೊದಲಿನದು. ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಊರಲ್ಲಿ ಬರವಿಲ್ಲ. ಸಂಬಳ ಕೊಟ್ಟು ಕಾಲೇಜುಗಳಿಗೆ ಕಳಿಸಿ. ಖಾಯಂ ಹುದ್ದೆಗಳನ್ನು ತುಂಬಿ. ಆಮೇಲೆ ಬೇಕಾದರೆ ಅದೇ ವಿಡಿಯೋ ಹಾಕಿ, ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಹತ್ತು ನಿಮಿಷಕ್ಕೊಮ್ಮೆ ಅದನ್ನು ನಿಲ್ಲಿಸಿ, “ಇಲ್ಲಿತನಕ ತಿಳೀತೇನು?” ಎಂದು ಕೇಳುವ ಒಬ್ಬರು ಪಕ್ಕದಲ್ಲಿ ನಿಂತಿರಲಿ.

ಆ ಹುಡುಗಿಯ ಟೈಮ್‌ಟೇಬಲ್ಲಿನಲ್ಲಿ ಗಣಿತದ ಪೀರಿಯಡ್ ಈಗಲೂ ಇದೆ. ಆ ಹೊತ್ತಿಗೆ ಅವರೆಲ್ಲ ಕ್ಲಾಸಿನಲ್ಲೇ ಕೂತಿರುತ್ತಾರೆ, ಒಬ್ಬೊಬ್ಬರೂ ತಮ್ಮ ತಮ್ಮ ಇಯರ್‌ಫೋನ್ ಹಾಕಿಕೊಂಡು.