ಕೂಗದ ಕುಕ್ಕರಿನಲ್ಲಿ ಓಟ್ಸ್ ಗಂಜಿ

ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೋ ಕೆನಡಾಕ್ಕೋ ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಇದ್ದೇ ಇರುತ್ತವೆ. ರಾತ್ರಿಯ ಊಟ ಹೇಗೋ ನಡೆಯುತ್ತದೆ. ತಪ್ಪಿಹೋಗುವುದು ಬೆಳಗಿನ ತಿಂಡಿ. ಎಂಟು ಗಂಟೆಗೇ ತರಗತಿ, ಹೊರಗೆ ಕೊರೆಯುವ ಚಳಿ. ಒಂದು ಲೋಟ ಕಾಫಿ ಕುಡಿದು ಓಡುವವರೇ ಹೆಚ್ಚು. ಹತ್ತು ಗಂಟೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಕೈ ಸಿಹಿ ಬಿಸ್ಕತ್ತಿನ ಪೊಟ್ಟಣಕ್ಕೆ ಹೋಗುತ್ತದೆ. ಇಂಥವರಿಗೆ ಅಲ್ಲಿ ಅಗ್ಗವಾಗಿ ಸಿಗುವ ಓಟ್ಸ್ ಮತ್ತು ವಿದ್ಯುತ್ ಪ್ರೆಷರ್ ಕುಕ್ಕರ್ ಒಳ್ಳೆಯ ಜೋಡಿ.

ಓಟ್ಸ್ ಚಳಿನಾಡಿನ ಬಡವರ ಧಾನ್ಯ. ನಮಗೆ ರಾಗಿ ಹೇಗೋ ಸ್ಕಾಟ್ಲೆಂಡಿನವರಿಗೆ ಓಟ್ಸ್ ಹಾಗೆ. ಅಲ್ಲಿನ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಲ್ಲಿ ಗಂಜಿ ಮಾಡುವ ಸ್ಪರ್ಧೆಯೇ ಆರಂಭವಾಯಿತು. ಅದರ ಸಾಂಪ್ರದಾಯಿಕ ವಿಭಾಗದಲ್ಲಿ ಓಟ್ಸ್, ನೀರು, ಉಪ್ಪು ಈ ಮೂರನ್ನು ಬಿಟ್ಟು ಬೇರೇನೂ ಹಾಕುವಂತಿಲ್ಲ. ಈ ಧಾನ್ಯದಲ್ಲಿ ಬೀಟಾ ಗ್ಲುಕಾನ್ ಎಂಬ ನಾರಿನಂಶವಿದೆ. ನೀರಿನಲ್ಲಿ ಕರಗಿ ಲೋಳೆಯಂತಾಗುವ ಈ ನಾರು ಆಹಾರ ಹೊಟ್ಟೆಯಿಂದ ಮುಂದೆ ಸಾಗುವುದನ್ನು ನಿಧಾನಗೊಳಿಸುತ್ತದೆ. ಆದ್ದರಿಂದಲೇ ಓಟ್ಸ್ ತಿಂದವರಿಗೆ ಬೇಗ ಹಸಿವಾಗದು. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಸೇವಿಸಿದರೆ ಹೃದ್ರೋಗದ ಅಪಾಯ ತಗ್ಗಬಹುದು ಎಂದು ಪೊಟ್ಟಣದ ಮೇಲೆ ಮುದ್ರಿಸಲು ಅಮೆರಿಕ ಸರ್ಕಾರ 1997ರಲ್ಲಿ ಅನುಮತಿ ನೀಡಿತು.

ಅಂಗಡಿಯಲ್ಲಿ ಮೂರು ಬಗೆಯ ಓಟ್ಸ್ ಸಿಗುತ್ತದೆ. ಕಾಳನ್ನು ನುಚ್ಚಿನಂತೆ ಕತ್ತರಿಸಿದ್ದು ಒಂದು, ಹಬೆಯಲ್ಲಿ ಬೇಯಿಸಿ ಅವಲಕ್ಕಿಯಂತೆ ತಟ್ಟಿದ್ದು ಇನ್ನೊಂದು, ಬಿಸಿನೀರು ಹಾಕಿದೊಡನೆ ಸಿದ್ಧವಾಗುವ ತೆಳ್ಳನೆಯದು ಮತ್ತೊಂದು. ನುಚ್ಚು ನಿಧಾನವಾಗಿ ಜೀರ್ಣವಾಗುತ್ತದೆ. ಕುಕ್ಕರಿಗೆ ಅದೇ ಸರಿ. ಸುವಾಸನೆ ಬೆರೆಸಿದ ದಿಢೀರ್ ಪೊಟ್ಟಣ ಕೊಳ್ಳುವ ಮುನ್ನ ಅದರ ಹಿಂಬದಿ ಓದಬೇಕು. 4 ಗ್ರಾಂ ಸಕ್ಕರೆ ಎಂದರೆ ಒಂದು ಚಹಾ ಚಮಚ. 12 ಗ್ರಾಂ ಎಂದಿದ್ದರೆ ಆ ಒಂದು ಪೊಟ್ಟಣದಲ್ಲೇ ಮೂರು ಚಮಚ ಸಕ್ಕರೆ ಇದೆ ಎಂದಾಯಿತು.

ಇನ್ನು ಕುಕ್ಕರಿನ ವಿಚಾರ. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ ಎಂಬುದನ್ನು ಡೆನಿಸ್ ಪಾಪಿನ್ 1679ರಲ್ಲೇ ಲಂಡನ್ನಿನಲ್ಲಿ ತನ್ನ ಯಂತ್ರದಿಂದ ತೋರಿಸಿದ್ದ. ವಿದ್ಯುತ್ ಕುಕ್ಕರ್ ಈಚಿನದು. ಕೆನಡಾದ ಒಟ್ಟಾವಾದಲ್ಲಿ ರಾಬರ್ಟ್ ವಾಂಗ್ ಮತ್ತು ಸಂಗಡಿಗರು ರೂಪಿಸಿದ ‘ಇನ್‌ಸ್ಟಂಟ್ ಪಾಟ್’ 2010ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಅದು ಮನೆಮಾತಾಯಿತು. ಒತ್ತಡ ಸಾಕಷ್ಟಾದೊಡನೆ ಇದು ತಾನೇ ಶಾಖವನ್ನು ತಗ್ಗಿಸುತ್ತದೆ. ಹಾಗಾಗಿ ಕೂಗುವುದಿಲ್ಲ, ಕೂಗು ಎಣಿಸುವ ಕೆಲಸವೂ ಇಲ್ಲ.

ಮಾಡುವ ವಿಧಾನ ಸುಲಭ. ಒಂದು ಕಪ್ ಓಟ್ಸ್ ನುಚ್ಚಿಗೆ ಮೂರು ಕಪ್ ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ತುಪ್ಪ. ತುಪ್ಪ ನೊರೆಯನ್ನು ತಗ್ಗಿಸುತ್ತದೆ. ಮುಚ್ಚಳ ಭದ್ರಪಡಿಸಿ, ಹಬೆಯ ದ್ವಾರ ಮುಚ್ಚಿ, ಹೆಚ್ಚಿನ ಒತ್ತಡದಲ್ಲಿ ನಾಲ್ಕು ನಿಮಿಷ ಇಡಬೇಕು. ಇನ್ನೂ ಮೆತ್ತಗೆ ಬೇಕೆನ್ನುವವರು ಹತ್ತು ನಿಮಿಷ ಇಡಬಹುದು. ಆಮೇಲೆ ಇಪ್ಪತ್ತು ನಿಮಿಷ ಮುಟ್ಟದೆ ಬಿಡಬೇಕು. ಇಷ್ಟರಲ್ಲಿ ಮೂರು ನಾಲ್ಕು ಜನಕ್ಕೆ ಸಾಕಾಗುವಷ್ಟು ಗಂಜಿಯಾಗುತ್ತದೆ. ಹಾಲನ್ನು ಮುಚ್ಚಳ ತೆಗೆದ ಮೇಲೆಯೇ ಬೆರೆಸಬೇಕು. ಮೊದಲೇ ಹಾಕಿದರೆ ಉಕ್ಕುತ್ತದೆ, ತಳ ಹಿಡಿಯುತ್ತದೆ.

ನಾಲ್ಕು ನಿಮಿಷ ಎಂದಾಕ್ಷಣ ಐದನೆಯ ನಿಮಿಷಕ್ಕೆ ತಿಂಡಿ ಸಿದ್ಧ ಎಂದು ತಿಳಿಯಬಾರದು. ಒತ್ತಡ ಏರಲು ಹತ್ತು ನಿಮಿಷ, ಇಳಿಯಲು ಇಪ್ಪತ್ತು; ಒಟ್ಟು ಮೂವತ್ತೈದು ನಿಮಿಷ ಬೇಕೇ ಬೇಕು. ಆದರೆ ಒಲೆಯ ಮುಂದೆ ಕೈಯಾಡಿಸುತ್ತ ನಿಲ್ಲಬೇಕಾಗಿಲ್ಲ. ಗುಂಡಿ ಒತ್ತಿ ಸ್ನಾನಕ್ಕೆ ಹೋಗಬಹುದು, ಟಿಪ್ಪಣಿ ಓದಬಹುದು.

ಅವಸರದಲ್ಲಿ ಹಬೆಯ ದ್ವಾರವನ್ನು ತಟ್ಟನೆ ತೆರೆಯುವುದು ಮಾತ್ರ ಅಪಾಯ. ಓಟ್ಸಿನ ಗಂಜಿ ಅಂಟಂಟಾಗಿ ನೊರೆಯೇಳುತ್ತದೆ. ಬಿಸಿ ನೊರೆ ಹಬೆಯೊಂದಿಗೆ ಚಿಮ್ಮಿ ಕೈ ಸುಡಬಹುದು, ದ್ವಾರವನ್ನೂ ಕಟ್ಟಬಹುದು. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಿಸಲೇಬಾರದು. ಒತ್ತಡ ಸೂಚಿಸುವ ಪುಟ್ಟ ಕಡ್ಡಿ ಕೆಳಗಿಳಿಯುವವರೆಗೆ ಮುಚ್ಚಳವನ್ನು ಬಲವಂತದಿಂದ ತಿರುಗಿಸಬಾರದು.

ಸಿಹಿ ಒಲ್ಲದವರಿಗೆ ಖಾರದ ಗಂಜಿಯೂ ಆಗುತ್ತದೆ. ಅದೇ ಪಾತ್ರೆಯಲ್ಲಿ ಹುರಿಯುವ ಗುಂಡಿ ಒತ್ತಿ ಸಾಸಿವೆ, ಉದ್ದಿನಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ಶುಂಠಿಯ ಒಗ್ಗರಣೆ ಮಾಡಿ, ಹೆಚ್ಚಿದ ಕ್ಯಾರೆಟ್, ಹುರುಳಿಕಾಯಿ ಬಾಡಿಸಬೇಕು. ಬಳಿಕ ನೀರು ಸುರಿದು, ತಳಕ್ಕೆ ಅಂಟಿದ್ದನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ ಓಟ್ಸ್ ಹಾಕಬೇಕು. ಕೆರೆಯದಿದ್ದರೆ ತಳ ಸೀಯುತ್ತದೆ. ಉಳಿದ ಗಂಜಿಯನ್ನು ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಅದು ಗಟ್ಟಿಯಾಗುವುದರಿಂದ ಬಿಸಿ ಮಾಡುವಾಗ ಸ್ವಲ್ಪ ನೀರು ಸೇರಿಸಬೇಕು. ಭಾನುವಾರ ಸಂಜೆ ಮಾಡಿಟ್ಟರೆ ಬುಧವಾರದವರೆಗೆ ಚಿಂತೆಯಿಲ್ಲ.

ತಂದೆತಾಯಿಗಳಿಗೆ ಒಂದು ಕಿವಿಮಾತು: ವಿದ್ಯುತ್ ಕುಕ್ಕರನ್ನು ಇಲ್ಲಿಂದ ಕೊಂಡು ಕಳುಹಿಸಬೇಡಿ. ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ವೋಲ್ಟೇಜು ಸುಮಾರು ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಭೌತಶಾಸ್ತ್ರ ಓದಿದ ಮಕ್ಕಳೇ ಲೆಕ್ಕ ಹಾಕಿ ತೋರಿಸಿಯಾರು. 1000 ವಾಟಿನ ಕುಕ್ಕರ್ ಅಲ್ಲಿ ಸುಮಾರು 270 ವಾಟಿನಷ್ಟೇ ಕಾಯುತ್ತದೆ. ಅಲ್ಲಿನದನ್ನು ಇಲ್ಲಿಗೆ ತಂದು ಜೋಡಿಸಿದರೆ ಸುಟ್ಟೇಹೋಗುತ್ತದೆ.

ಹಾಗೆಂದು ಊರಿನಲ್ಲಿರುವ ಮಕ್ಕಳಿಗೆ ದುಬಾರಿ ಓಟ್ಸೇ ಆಗಬೇಕೆಂದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದರೆ ಅಷ್ಟೇ ಓಟ್ಸಿನಲ್ಲಿರುವುದು ಸುಮಾರು 50. ಮನೆಯಲ್ಲಿದ್ದಾಗ ರಾಗಿ ಗಂಜಿ, ದೂರ ಹೋದಾಗ ಓಟ್ಸ್ ಗಂಜಿ. ಯಾವುದಾದರೂ ಬೆಳಿಗ್ಗೆ ಹೊಟ್ಟೆಗೆ ಬೀಳಬೇಕು. ಮಗನಾಗಲಿ ಮಗಳಾಗಲಿ, ವಿಮಾನ ಹತ್ತುವ ಮುನ್ನ ನಾಲ್ಕಾರು ಬಾರಿ ತಮ್ಮ ತಿಂಡಿಯನ್ನು ತಾವೇ ಮಾಡಿಕೊಂಡಿರಲಿ. ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸುವ ಚಟ್ನಿಪುಡಿ ಒಂದು ದಿನ ಮುಗಿಯುತ್ತದೆ, ಕಲಿತ ಅಡುಗೆ ಮುಗಿಯುವುದಿಲ್ಲ.