ಜಾಜ್ ಸಂಗೀತವೂ ಮನೆಯ ಸಂಜೆಯೂ

ಅಮೆರಿಕದ ಜಾಜ್ ಸಂಗೀತವೆಂದೊಡನೆ ಕುಣಿತದ ಮನೆಗಳ ಗದ್ದಲವೆಂದು ಮೂಗು ಮುರಿಯುವವರು ನಮ್ಮಲ್ಲಿ ಅನೇಕರುಂಟು. ಅದನ್ನು ಮೆಚ್ಚುವವರಲ್ಲಿಯೂ ಹಲವರು ಊಟೋಪಚಾರಗಳ ನಡುವೆ ಹಿನ್ನೆಲೆಯ ಸದ್ದಾಗಿ ಅದನ್ನು ಹಾಕಿಡುವರು. ಈ ಎರಡು ಬಗೆಯ ಉಪೇಕ್ಷೆಯೂ ಸಲ್ಲದೆಂದು ನಮ್ಮ ಅಭಿಪ್ರಾಯ.

ದಾಸ್ಯದಲ್ಲಿ ಬಾಳಿದವರ ಸಂತತಿಯವರು ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಬೆಳೆಯಿಸಿದ ಕಲೆಯಿದು. ಆ ಪಟ್ಟಣದವರಾದ ಲೂಯಿ ಆರ್ಮ್‌ಸ್ಟ್ರಾಂಗರು 1928ರಲ್ಲಿ ನುಡಿಸಿದ 'ವೆಸ್ಟ್ ಎಂಡ್ ಬ್ಲೂಸ್' ಮೂರು ನಿಮಿಷಗಳ ತಟ್ಟೆ. ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದೇ ಅಷ್ಟು. 1948ರಲ್ಲಿ ಕೊಲಂಬಿಯಾ ಕಂಪೆನಿಯವರು ದೀರ್ಘಾವಧಿಯ ತಟ್ಟೆಯನ್ನು ಹೊರತಂದ ಮೇಲೆ ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕ ಅವಕಾಶ ದೊರೆಯಿತು. ವಾದಕರ ಮನೋಧರ್ಮವು ಮನೆಯೊಳಗೂ ವಿಸ್ತಾರವಾಗಿ ಹರಿಯುವಂತಾಯಿತು.

1959ರಲ್ಲಿ ಮೈಲ್ಸ್ ಡೇವಿಸರೂ ಅವರ ಸಂಗಡಿಗರೂ ನ್ಯೂಯಾರ್ಕಿನಲ್ಲಿ ಎರಡೇ ದಿನಗಳ ಕೂಟದಲ್ಲಿ 'ಕೈಂಡ್ ಆಫ್ ಬ್ಲೂ' ಎಂಬ ತಟ್ಟೆಯನ್ನು ಮುದ್ರಿಸಿದರು. ಹೆಚ್ಚಿನ ಪೂರ್ವಾಭ್ಯಾಸವಿಲ್ಲದೆ, ಕೆಲವು ಸ್ವರಶ್ರೇಣಿಗಳನ್ನು ಆಧಾರವಾಗಿಟ್ಟುಕೊಂಡು ನುಡಿಸಿದ ಸಂಗೀತವದು. ಅದರಲ್ಲಿ ಆತುರವಿಲ್ಲ, ಆಕ್ರೋಶವಿಲ್ಲ. ತಟ್ಟೆಯು ಆಗಸ್ಟ್ 17ರಂದು ಪೇಟೆಗೆ ಬಂದಿತು. ಎಂಟು ದಿನಗಳಲ್ಲಿಯೇ, ತಾವು ನುಡಿಸುತ್ತಿದ್ದ 'ಬರ್ಡ್‌ಲ್ಯಾಂಡ್' ಎಂಬ ಸಂಗೀತದ ಮನೆಯ ಹೊರಗೆ ನಿಂತಿದ್ದ ಡೇವಿಸರನ್ನು ಪೋಲೀಸರು ತಲೆಯೊಡೆಯುವಂತೆ ಹೊಡೆದು ಸೆರೆಹಿಡಿದರು. ಹೊರಿಸಿದ ಆಪಾದನೆಗಳು ಮುಂದೆ ನ್ಯಾಯಸ್ಥಾನದಲ್ಲಿ ನಿಲ್ಲಲಿಲ್ಲ. ಒಳಗೆ ಚಪ್ಪಾಳೆ, ಹೊರಗೆ ಲಾಠಿ! ಆ ಸಮಾಧಾನದ ನಾದವು ಸುಖದ ಫಲವಲ್ಲವೆಂಬುದನ್ನು ಅರಿತು ಕೇಳಿದವರಿಗೆ ಅದರ ಬೆಲೆ ತಿಳಿದೀತು.

ಇನ್ನು 1963ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಇಗರ್ಜಿಯೊಂದರಲ್ಲಿ ದುಷ್ಟರಿಟ್ಟ ಸಿಡಿಮದ್ದಿಗೆ ನಾಲ್ವರು ಕಪ್ಪು ಬಾಲಕಿಯರು ಬಲಿಯಾದರು. ಸುಮಾರು ಎರಡು ತಿಂಗಳ ತರುವಾಯ ಜಾನ್ ಕೋಲ್ಟ್ರೇನರು 'ಅಲಬಾಮಾ' ಎಂಬ ಕೃತಿಯನ್ನು ಮುದ್ರಿಸಿದರು. ಅದರಲ್ಲಿ ಒಂದು ಮಾತೂ ಇಲ್ಲ. ಶೋಕಕ್ಕೆ ಮಾತು ಬೇಕೂ ಇಲ್ಲ.

ಪರದೇಶದ ಸಂಗೀತ ನಮಗೇಕೆಂದು ಕೆಲವರು ಕೇಳಬಹುದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರು ಜಾಜ್ ವಾದಕರಾದ ಚಾರ್ಲಿ ಮರಿಯಾನೋರವರೊಡನೆ 1983ರಲ್ಲಿ 'ಜ್ಯೋತಿ' ಎಂಬ ತಟ್ಟೆಯನ್ನು ಹೊರತಂದುದೇ ಇದಕ್ಕೆ ಉತ್ತರ. ನಮ್ಮ ಸಂಗೀತವನ್ನು ಅವರು ಗೌರವದಿಂದ ಕೇಳಿದರು. ಆ ಗೌರವವನ್ನು ಹಿಂದಿರುಗಿಸುವುದು ನಮಗೆ ಭೂಷಣ.

ಆದುದರಿಂದ ನಮ್ಮ ವಾಚಕರಲ್ಲಿ ಬಿನ್ನಹವಿಷ್ಟೆ: ವಾರಕ್ಕೊಂದು ಸಂಜೆ ದೂರವಾಣಿಯನ್ನು ಬದಿಗಿರಿಸಿ, ಒಂದು ತಟ್ಟೆಯನ್ನು ಮೊದಲಿನಿಂದ ಕಡೆಯವರೆಗೆ ಮೌನವಾಗಿ ಕೇಳಿರಿ. ಕಲಾವಿದನಿಗೆ ಶ್ರೋತೃವು ಸಲ್ಲಿಸಬಲ್ಲ ಸಂಭಾವನೆಗಳಲ್ಲಿ ಅವಧಾನಕ್ಕಿಂತ ದೊಡ್ಡದಿಲ್ಲ.