ಸಾಕ್ಷಿ ಹೇಳಿದವನ ಕೂಲಿ ಕೊಡುವವರು ಯಾರು?

ಪೊಲೀಸ್ ಪೇದೆ ಸಮನ್ಸು ತಂದು ಕೈಗಿಡುತ್ತಾನೆ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಆ ಕಾಗದದಲ್ಲಿ ಕೋರ್ಟಿನ ಮೊಹರಿದೆ, ಮೊಕದ್ದಮೆಯ ನಂಬರಿದೆ, ಇಂಥ ತಾರೀಖು ಇಷ್ಟು ಗಂಟೆಗೆ ತಪ್ಪದೆ ಹಾಜರಾಗತಕ್ಕದ್ದು ಎಂಬ ಅಪ್ಪಣೆಯಿದೆ. ಆ ದಿನದ ಕೂಲಿ ಕೊಡುವವರು ಯಾರು ಎಂಬ ಒಂದು ಮಾತು ಮಾತ್ರ ಅದರಲ್ಲಿಲ್ಲ.

ಸಂಬಳದವರಿಗೆ ಇದು ಸಣ್ಣ ಮಾತಾಗಿ ಕಂಡೀತು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇದು ಅನ್ನದ ಮಾತು. ಇಲ್ಲಿ ದುಡಿಮೆಯೆಂದರೆ ತೆಂಗು. ಮರ ಹತ್ತಿ ಕಾಯಿ ಕೆಡಹುವವನು, ಕಾಯಿ ಸುಲಿಯುವವನು, ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಹೆಂಗಸು, ತೆಂಗಿನ ಪುಡಿ ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವವಳು, ನಾರಿನ ಗಿರಣಿಯಲ್ಲಿ ದೂಳು ಕುಡಿಯುವವನು, ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ: ಇವರಲ್ಲಿ ಬಹುಮಂದಿಗೆ ಲೆಕ್ಕ ಕಾಯಿಗೆ, ಕಿಲೋಗೆ, ಚೀಲಕ್ಕೆ. ಕೈ ಆಡಿದ ದಿನ ಕಾಸು, ಕೈ ನಿಂತ ದಿನ ಉಪವಾಸ.

ನೊಣವಿನಕೆರೆ ಕಡೆಯಿಂದ ತಿಪಟೂರಿನ ಕಾರ್ಖಾನೆಗೆ ಬರುವ ಒಬ್ಬ ಹೆಣ್ಣಾಳನ್ನು ಎಣಿಸಿಕೊಳ್ಳಿ. ಪಕ್ಕದಲ್ಲಿ ದುಡಿಯುತ್ತಿದ್ದವಳ ಕೈ ಯಂತ್ರಕ್ಕೆ ಸಿಕ್ಕಿದ್ದನ್ನು ಈಕೆ ಕಣ್ಣಾರೆ ಕಂಡಿದ್ದಾಳೆ. ಯಂತ್ರಕ್ಕೆ ಮರೆಯಿರಲಿಲ್ಲವೆಂಬುದನ್ನು ಬಲ್ಲಳು. ಮೊಕದ್ದಮೆ ಎದ್ದಿದೆ, ಸಮನ್ಸು ಬಂದಿದೆ. ಮೊದಲ ಸಲ ಹೋದಳು. ಆರೋಪಿಯ ಕಡೆಯ ವಕೀಲರು ಬರಲಿಲ್ಲ. ಎರಡನೆಯ ಸಲ ಹೋದಳು, ಸಾಹೇಬರು ರಜೆ. ಮೂರನೆಯ ಸಲ ಸಂಜೆಯವರೆಗೆ ಜಗಲಿಯಲ್ಲಿ ಕೂತಳು. "ಮುಂದಿನ ವಾಯಿದೆಗೆ ಬಾರಮ್ಮ" ಎಂದರು. ಮೂರು ದಿನದ ಕೂಲಿ ಹೋಯಿತು, ಆರು ಸಲದ ಬಸ್ ಛಾರ್ಜು ಹೋಯಿತು. ನಾಲ್ಕನೆಯ ಸಲ ರಜೆ ಕೇಳಿದಾಗ ಮೇಸ್ತ್ರಿ, "ಕೋರ್ಟಿನಲ್ಲೇ ಕೆಲಸ ನೋಡಿಕೊಳ್ಳಮ್ಮ" ಎಂದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಹರಿದದ್ದು ಈಕೆಯ ಹೊಟ್ಟೆಪಾಡು. ಐದನೆಯ ಸಲ ಸಾಕ್ಷಿ ಕಟ್ಟೆ ಹತ್ತಿದವಳು "ನನಗೇನೂ ಸರಿಯಾಗಿ ನೆನಪಿಲ್ಲ ಸ್ವಾಮಿ" ಎಂದುಬಿಟ್ಟರೆ, ಅವಳನ್ನು ಸುಳ್ಳುಗಾತಿ ಎನ್ನುವ ಎದೆ ನಮ್ಮಲ್ಲಿ ಯಾರಿಗಿದೆ?

ಹೋಗದೆ ಉಳಿಯೋಣವೆಂದರೆ ಕಾಯಿದೆ ಬಿಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 208ನೆಯ ಕಲಮಿನ ಪ್ರಕಾರ, ಕೋರ್ಟಿನ ಸಮನ್ಸಿಗೆ ಬೇಕೆಂದೇ ಹಾಜರಾಗದವನಿಗೆ 6 ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಈ ಜುಲ್ಮಾನೆ 1,000 ರೂಪಾಯಿ ಇತ್ತು. ಹೊಸದರಲ್ಲಿ ಹತ್ತು ಪಟ್ಟಾಯಿತು. ಬಾರದವನಿಗೆ ದಂಡ ಎಷ್ಟೆಂದು ಬರೆಯುವಾಗ ಸರಕಾರದ ಲೇಖನಿ ತಡವರಿಸಲಿಲ್ಲ. ಬಂದವನಿಗೆ ಕೊಡಬೇಕಾದದ್ದನ್ನು ಬರೆಯುವಾಗ ಮಾತ್ರ ಅದಕ್ಕೆ ನಾಚಿಕೆ ಬಂತು. ಕ್ರಿಮಿನಲ್ ಕೋರ್ಟು "ಯುಕ್ತವೆಂದು ತೋರಿದರೆ" ಸಾಕ್ಷಿಯ ನ್ಯಾಯವಾದ ವೆಚ್ಚವನ್ನು ಸರಕಾರದಿಂದ ಕೊಡಿಸಬಹುದು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 312ನೆಯ ಕಲಮು ಹೇಳಿತ್ತು. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 350ನೆಯ ಕಲಮೂ ಅದನ್ನೇ ಹೇಳುತ್ತದೆ. ದಂಡಕ್ಕೆ ಅಪ್ಪಣೆ, ಭತ್ಯೆಗೆ ಮರ್ಜಿ! ಆಸ್ತಿಪಾಸ್ತಿಯ ದಾವೆಗಳಿಗೆ ಹೀಗಿಲ್ಲ. ಸಾಕ್ಷಿಯನ್ನು ಕರೆಸುವ ಕಕ್ಷಿಗಾರ ಅವನ ಪ್ರಯಾಣದ ಮತ್ತು ಒಂದು ದಿನದ ಹಾಜರಿಯ ವೆಚ್ಚವನ್ನು ಮುಂಚಿತವಾಗಿ ಕೋರ್ಟಿಗೆ ಕಟ್ಟಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ವಿಧಿಸಿದೆ. ಸಾಹುಕಾರರ ಜಮೀನಿನ ಗಡಿಗೆ ಬ್ರಿಟಿಷರ ಕಾಲದಲ್ಲೇ ಸಿಕ್ಕ ನ್ಯಾಯ, ಕೂಲಿಗಾರ್ತಿಯ ತುಂಡಾದ ಕೈಗೆ ಸ್ವರಾಜ್ಯದಲ್ಲೂ ಸಿಗಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಕೇಂದ್ರ ಸರಕಾರದ ನೌಕರನನ್ನು ಜ್ಯೂರಿಯಾಗಿಯೋ, ತನ್ನ ಸ್ವಂತ ಹಿತವಿಲ್ಲದ ಮೊಕದ್ದಮೆಯಲ್ಲಿ ಸಾಕ್ಷಿಯಾಗಿಯೋ ಕೋರ್ಟು ಕರೆದರೆ, ಅವನಿಗೆ ವಿಶೇಷ ಸಾಂದರ್ಭಿಕ ರಜೆ ಕೊಡಬಹುದೆಂಬ ನಿಯಮವಿದೆ. ಸಂಬಳ ಕಡಿತವಿಲ್ಲ. ಜ್ಯೂರಿ ಪದ್ಧತಿಯ ಗತಿ ಎಲ್ಲರಿಗೂ ಗೊತ್ತು. 1959ರಲ್ಲಿ ಮುಂಬಯಿಯ ನಾನಾವತಿ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ಜ್ಯೂರಿಗಳಲ್ಲಿ ಎಂಟು ಮಂದಿ ಆರೋಪಿ ನಿರ್ದೋಷಿ ಎಂದರು, ಹೈಕೋರ್ಟು ಅದನ್ನು ತಳ್ಳಿಹಾಕಿತು. 1973ರ ಸಂಹಿತೆ ಜ್ಯೂರಿಯನ್ನು ಪೂರ್ತಿ ಕೈಬಿಟ್ಟಿತು. ಹೀಗೆ ಇಲ್ಲದ ಜ್ಯೂರಿಗೂ ಸರಕಾರಿ ಪುಸ್ತಕದಲ್ಲಿ ರಜೆ ಉಂಟು. ಇರುವ ಸಾಕ್ಷಿಗೆ, ಅವನು ಗಿರಣಿಯವನಾದರೆ, ಇಲ್ಲ. ಗುಮಾಸ್ತನ ರಜೆಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನಿಗೆ ಸಿಕ್ಕಿದ್ದು ನ್ಯಾಯವೇ. ಅದೇ ಕಟ್ಟೆ ಹತ್ತಿ ಅದೇ ಪ್ರಮಾಣ ಮಾಡುವ ಹಮಾಲನ ಸತ್ಯಕ್ಕೆ ಕಡಮೆ ಬೆಲೆ ಏಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

"ವಾರ್ಷಿಕ ರಜೆ ಇದೆಯಲ್ಲ, ಅದರಲ್ಲಿ ಹೋಗಲಿ" ಎನ್ನುವ ಮಾಲೀಕರಿದ್ದಾರೆ. 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಎಂಬ ಲೆಕ್ಕ 1948ರ ಕಾರ್ಖಾನೆ ಕಾಯಿದೆಯದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದೇ ಲೆಕ್ಕ. ವರ್ಷಕ್ಕೆ 240 ದಿನ ದುಡಿದಿರಬೇಕೆಂಬುದು 180ಕ್ಕೆ ಇಳಿದದ್ದೊಂದೇ ಲಾಭ. ಆ ರಜೆ ದಣಿದ ಮೈಗೆ, ಮನೆಯ ಮದುವೆಗೆ, ಊರ ಜಾತ್ರೆಗೆ ಎಂದು ಹೋರಾಡಿ ಪಡೆದದ್ದು. ಕೋರ್ಟಿನ ಜಗಲಿಯಲ್ಲಿ ಕೂತು ಕಳೆಯಲು ಪಡೆದದ್ದಲ್ಲ. ಮೇಲಾಗಿ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿಯವನಿಗೆ ಯಾವ ವಾರ್ಷಿಕ ರಜೆ?

ಕೂಲಿಯವನಿಗೆ ಇಂಥ ದಿನದ ಸಂಬಳ ಕೊಡುವುದು ಆಗದ ಮಾತೆಂದು ಹೇಳುವವರಿಗೆ ಚುನಾವಣೆಯ ಕಾಯಿದೆಯನ್ನು ತೋರಿಸಿ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ ಸೇರಿದ 135-ಬಿ ಕಲಮಿನಂತೆ, ಮತದಾನದ ದಿನ ಕೆಲಸಗಾರನಿಗೆ ರಜೆ ಕೊಡಬೇಕು, ಸಂಬಳ ಕಡಿಯಕೂಡದು. ದಿನಗೂಲಿಯವನಿಗೂ ಇದು ಸಲ್ಲುತ್ತದೆ. ಇದರಿಂದ ಯಾವ ಗಿರಣಿಯೂ ಮುಚ್ಚಲಿಲ್ಲ, ಯಾವ ಮಂಡಿಯೂ ದಿವಾಳಿ ತೆಗೆಯಲಿಲ್ಲ. ಓಟು ಹಾಕುವುದು ಪೌರನ ಕರ್ತವ್ಯವೆಂದು ಸಂಬಳ ಕೊಡುವುದಾದರೆ, ಸತ್ಯ ಹೇಳುವುದು ಯಾರ ಕರ್ತವ್ಯ? ಓಟಿಗೆ ಹೋಗದವನನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಸಾಕ್ಷಿಗೆ ಹೋಗದವನನ್ನು ಹಾಕಬಹುದು. ಬಲವಂತ ಹೆಚ್ಚಿದ್ದೆಡೆ ಪರಿಹಾರ ಸೊನ್ನೆ!

ವಾಯಿದೆಯಿಂದ ಲಾಭ ಯಾರಿಗೆ ಎಂಬುದನ್ನೂ ಕೇಳಬೇಕು. ಹಣವಿದ್ದವನು ತನ್ನ ಪರವಾಗಿ ವಕೀಲನನ್ನು ಕಳಿಸಿ ಮನೆಯಲ್ಲಿ ಕಾಫಿ ಕುಡಿಯುತ್ತಾನೆ. ಪ್ರತಿ ವಾಯಿದೆಯೂ ಅವನಿಗೆ ಉಸಿರು, ಬಡ ಸಾಕ್ಷಿಗೆ ಉರುಳು. ಸಾಕ್ಷಿ ದಣಿದು ಕೈಚೆಲ್ಲುವವರೆಗೆ ವಾಯಿದೆ ಕೇಳುವ ಆಟವನ್ನು ಸ್ವರಣ್ ಸಿಂಗ್ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ 2000ದಲ್ಲಿ ಕಟುವಾಗಿ ಖಂಡಿಸಿತು. ಸಾಕ್ಷಿಗೆ ಕೂರಲು ಸ್ಥಳ, ಕುಡಿಯಲು ನೀರು ಬೇಕು, ಭತ್ಯೆಯನ್ನು ಅಂದೇ ಕೊಡಬೇಕು ಎಂದು, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳೀಮಠರ ಸಮಿತಿ 2003ರಲ್ಲಿ ವರದಿ ಕೊಟ್ಟಿತು. ಸಾಕ್ಷಿ ಹಾಜರಿರುವಾಗ ವಿಶೇಷ ಕಾರಣ ಬರೆಯದೆ ವಿಚಾರಣೆ ಮುಂದೂಡಬಾರದು, ಮುಂದೂಡಿದರೆ ಖರ್ಚು ಹೊರಿಸಬಹುದು ಎಂದು ಕಾಯಿದೆಯಲ್ಲೂ ಇದೆ. ಆದರೂ ಜಗಲಿಯಲ್ಲಿ ಕೂತವಳು ಕೂತೇ ಇದ್ದಾಳೆ. ಕಾಗದದ ಮೇಲಿನ ಕರುಣೆ ಅಟ್ಟದ ಮೇಲಿನ ಕಾಯಿಯಂತೆ. ಇಳಿಸಿ ಒಡೆಯುವವರೆಗೆ ಯಾರ ಹಸಿವೂ ತೀರದು.

ಈಗ ಚಿಲ್ಲರೆ ವ್ಯಾಪಾರಿ ಬಂಧುಗಳಿಗೆ ಎರಡು ಮಾತು. ಇದು ಮಾಲೀಕರ ವಿರುದ್ಧದ ಲೇಖನವೆಂದು ತಾವು ಮುಖ ತಿರುಗಿಸಬೇಡಿ. ಬೀದಿಯಲ್ಲಿ ಕಳವೋ, ಅಪಘಾತವೋ ಆದಾಗ ಪೊಲೀಸರು ಮಹಜರಿಗೆ ಪಂಚರಾಗಿ ಕರೆಯುವುದು ಯಾರನ್ನು? ಎದುರಿಗೆ ಅಂಗಡಿ ತೆರೆದು ಕೂತ ತಮ್ಮನ್ನೇ. ಅಂದು ಹಾಕಿದ ಒಂದು ಸಹಿಗೆ ವರ್ಷಗಳ ಮೇಲೆ ಸಮನ್ಸು ಬರುತ್ತದೆ. ಅಂಗಡಿಗೆ ಬೀಗ ಹಾಕಿ ಹೋಗಬೇಕು. ಹುಳಿಯಾರಿನ ಸಂತೆಯ ದಿನವೋ, ತಿಪಟೂರಿನ ಕೊಬ್ಬರಿ ಹರಾಜಿನ ದಿನವೋ ಆದರೆ ವಾರದ ವ್ಯಾಪಾರವೇ ಕೈಬಿಟ್ಟಂತೆ. ತಾವೂ ಈ ಜಗಲಿಯ ಸಹವಾಸಿಗಳೇ. ಒಬ್ಬನೇ ಆಳನ್ನಿಟ್ಟುಕೊಂಡ ಅಂಗಡಿಯವನ ತಲೆಯ ಮೇಲೆ ಈ ಭಾರ ಹೊರಿಸಬೇಕೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜ್ಯೂರಿಗೆ ಹೋದ ಕೆಲಸಗಾರನಿಗೆ ಮೊದಲ ಮೂರು ದಿನದ ಸಂಬಳ ಮಾಲೀಕನದು. ನಾಲ್ಕನೆಯ ದಿನದಿಂದ ಸರಕಾರದ ಭತ್ಯೆ. ಬಂಡವಾಳದ ತವರಿನಲ್ಲೇ ಭಾರವನ್ನು ಹೀಗೆ ಹಂಚಿಕೊಂಡಿರುವಾಗ, ಸಮಾನತೆಯ ಸಂವಿಧಾನ ಬರೆದುಕೊಂಡ ನಮಗೇನು ಅಡ್ಡಿ? ದೊಡ್ಡ ಕಾರ್ಖಾನೆ ತನ್ನ ಗಲ್ಲಾದಿಂದ ಕೊಡಲಿ. ಸಣ್ಣ ಅಂಗಡಿಯ ಆಳಿಗೂ, ಅಂಗಡಿಯವನಿಗೂ, ದಿನಗೂಲಿಯವನಿಗೂ ಸರಕಾರದ ಖಜಾನೆ ಕೊಡಲಿ.

"ಸುಳ್ಳು ಹೇಳಿ ರಜೆ ಹಾಕುತ್ತಾರೆ" ಎಂಬ ಆಕ್ಷೇಪ ಬರುತ್ತದೆ. ಕೋರ್ಟಿನ ಶಿರಸ್ತೇದಾರರು ಸಂಜೆ ಒಂದು ಹಾಜರಿ ಚೀಟಿ ಬರೆದುಕೊಟ್ಟರೆ ತೀರಿತು. "ಈಗ ವಿಡಿಯೋದಲ್ಲೇ ಸಾಕ್ಷಿ ತೆಗೆದುಕೊಳ್ಳಬಹುದು" ಎನ್ನುವವರೂ ಇದ್ದಾರೆ. ಒಳ್ಳೆಯದೇ, ಆದರೆ ವಿಡಿಯೋದ ಮುಂದೆ ಕೂತಷ್ಟು ಹೊತ್ತು ಕಾಯಿ ಸುಲಿಯುವವರಾರು? ಕಾಯಿಯ ಲೆಕ್ಕದವನಿಗೆ ದಿನಗೂಲಿ ಎಷ್ಟೆಂದು ಹಿಡಿಯುವುದು ಎಂಬ ತಕರಾರಿಗೂ ಉತ್ತರವಿದೆ. ರಜೆಯ ಸಂಬಳಕ್ಕೆ ಹಿಂದಿನ ತಿಂಗಳ ಗಳಿಕೆಯ ಸರಾಸರಿ ಹಿಡಿಯುವ ಕ್ರಮ 1948ರ ಕಾಯಿದೆಯಲ್ಲೇ ಇತ್ತು. ಮನಸ್ಸಿದ್ದರೆ ಲೆಕ್ಕ ತಾನಾಗಿ ಬರುತ್ತದೆ.

ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದೆಂದು 1976ರಲ್ಲಿ ಸಂವಿಧಾನಕ್ಕೆ 39-ಎ ವಿಧಿಯನ್ನು ಸೇರಿಸಿದರು. 1987ರ ಕಾನೂನು ಸೇವೆಗಳ ಕಾಯಿದೆ ಕಾರ್ಖಾನೆಯ ಕಾರ್ಮಿಕನಿಗೆ, ಎಲ್ಲ ಹೆಂಗಸರಿಗೆ ಪುಕ್ಕಟೆ ವಕೀಲರನ್ನು ಕೊಟ್ಟಿತು. ಬಹಳ ಸಂತೋಷ. ಪುಕ್ಕಟೆ ವಕೀಲರಿದ್ದಾರೆ, ಅವರ ಜೊತೆ ಕೋರ್ಟಿಗೆ ಹೋಗಲು ಒಂದು ದಿನವಿಲ್ಲ!

ಆದಕಾರಣ ನಮ್ಮ ಬೇಡಿಕೆ ನಾಲ್ಕು. ಒಂದು, ಸಮನ್ಸಿನ ಮೇಲೆ ಕೋರ್ಟಿಗೆ ಹೋದ ದಿನವನ್ನು ಕೆಲಸದ ದಿನವೆಂದೇ ಎಣಿಸಿ ಪೂರ್ತಿ ಕೂಲಿ ಕೊಡಬೇಕು, ಅದಕ್ಕಾಗಿ ಯಾರನ್ನೂ ಕೆಲಸದಿಂದ ತೆಗೆಯಕೂಡದು. ಎರಡು, ಸಣ್ಣ ಅಂಗಡಿಯವರ ಹಾಗೂ ದಿನಗೂಲಿಯವರ ಭತ್ಯೆಯನ್ನು ಖಜಾನೆಯಿಂದ ಅಂದೇ ಸಂಜೆ, ಕನಿಷ್ಠ ವೇತನಕ್ಕೆ ಕಡಮೆಯಿಲ್ಲದಂತೆ, ಬಸ್ ಛಾರ್ಜು ಸಹಿತ ಕೊಡಬೇಕು. ಮೂರು, ಸಾಕ್ಷಿ ಬಂದಿರುವಾಗ ವಾಯಿದೆ ಕೇಳಿದವನೇ ಆ ದಿನದ ಕೂಲಿಯನ್ನು ಕಟ್ಟಬೇಕು. ನಾಲ್ಕು, ತನ್ನ ಕೂಲಿ ಬಾಕಿಗೋ, ಗಾಯದ ಪರಿಹಾರಕ್ಕೋ ದಾವೆ ಹೂಡಿದ ಕಾರ್ಮಿಕನಿಗೂ ಹಾಜರಿಯ ದಿನಗಳಲ್ಲಿ ಈ ಹಕ್ಕು ಸಲ್ಲಬೇಕು.

ಇದಕ್ಕೆ ದಿಲ್ಲಿಯ ಬಾಗಿಲು ಕಾಯಬೇಕಾಗಿಲ್ಲ. ಕಾರ್ಮಿಕ ವಿಷಯವೂ ದಂಡ ಪ್ರಕ್ರಿಯೆಯೂ ರಾಜ್ಯ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಸಾಕ್ಷಿ ಭತ್ಯೆಯ ನಿಯಮ ಬರೆಯುವ ಅಧಿಕಾರವಂತೂ ಇಂದೇ ವಿಧಾನಸೌಧದಲ್ಲಿದೆ. ಬೇಕಾಗಿರುವುದು ಒತ್ತಾಯ. ಪುಡಿ ಕಾರ್ಖಾನೆಯ ಹೆಂಗಸರು, ನಾರಿನ ಗಿರಣಿಯವರು, ಯಾರ್ಡಿನ ಹಮಾಲರು, ಪೇಟೆ ಬೀದಿಯ ವರ್ತಕರು ಒಂದೇ ಅರ್ಜಿಗೆ ಸಹಿ ಹಾಕಲಿ. ಮೂರೂ ತಾಲ್ಲೂಕುಗಳ ಶಾಸಕರ ಕೈಗೆ ಅದನ್ನು ಕೊಟ್ಟು, ಸಭೆಯಲ್ಲಿ ಎದ್ದು ನಿಂತು ಕೇಳುತ್ತೀರೋ ಇಲ್ಲವೋ ಎಂದು ನೇರವಾಗಿ ಕೇಳಲಿ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮ ಹಿರಿಯರದು. ಕಕ್ಷಿಗಾರರ ಪಾಡನ್ನು ಅವರು ಹೇಳಿದರು. ಗೆಲ್ಲದೆ, ಸೋಲದೆ, ಬರೀ ಕಂಡದ್ದನ್ನು ಹೇಳಲು ಹೋಗಿ ಕೂಲಿ ಕಳೆದುಕೊಂಡವನಿಗೆ ಗಾದೆ ಕೂಡ ಇಲ್ಲ. ಅವನಿಗೆ ಕಾಯಿದೆಯಾದರೂ ಇರಲಿ.